ಬಾವಿಗೆ ಬಿದ್ದ ಬೋಕಿಗಳು

ಅಥೆನ್ಸಿನ ಥಿಸಿಯೊ ಸ್ಟೇಷನ್ನಿನಲ್ಲಿ ಇಳಿದು ಎರ್ಮು ಬೀದಿಯಲ್ಲಿ ಸ್ವಲ್ಪ ನಡೆದರೆ ಕೆರಾಮಿಕೋಸ್. ಹೆಸರಿನ ಅರ್ಥವೇ ಕುಂಬಾರರ ಕೇರಿ. ನಮ್ಮಲ್ಲಿ ಕುಂಬಾರಪೇಟೆ, ಕುಂಬಾರ ಓಣಿ ಇರುತ್ತಲ್ವಾ, ಹಾಗೆ. ಆದರೆ ಒಳಗೆ ಕಂಡದ್ದು ಜಾಸ್ತಿ ಸಮಾಧಿಗಳೇ. ಊರಗೋಡೆಯ ಉಳಿಕೆ, ಹುಲ್ಲಿನಲ್ಲಿ ಆಮೆಗಳು, ಎರಿಡನೋಸ್ ಹಳ್ಳದಲ್ಲಿ ಒಂದಿಷ್ಟು ನೀರು.

'ಹಳೇ ಕುಂಬಾರರ ಗುರುತು ಬೇಕಾದರೆ ಅಗೊರಾಕ್ಕೆ ಬನ್ನಿ' ಎಂದರು ನಮ್ಮ ಗೈಡ್. ಅಗೊರಾ ಅಂದರೆ ಆಮೇಲಿನ ಕಾಲದ ದೊಡ್ಡ ಸಂತೆಮಾಳ. 1931ರಿಂದ ಅಮೆರಿಕನ್ನರು ಅಲ್ಲಿ ಅಗೆಯುತ್ತಿದ್ದಾರೆ. ಸುಮಾರು 3000 ವರ್ಷದ ಹಿಂದೆ ಅಲ್ಲಿ ಕುಂಬಾರರಿದ್ದರು, ಪಾಳುಬಿದ್ದ ಬಾವಿಗಳಿಗೆ ತಮ್ಮ ಕಸ ಸುರಿಯುತ್ತಿದ್ದರು. ಸೊಟ್ಟಗಾದ ಮಡಕೆ, ಅತಿಯಾಗಿ ಬೆಂದ ಚೂರು, ಎಲ್ಲಾ. ಆ ಕಸವೇ ಇವತ್ತಿನ ಸಾಕ್ಷಿ. ಮನೆ ಅಂಗಳದಲ್ಲಿ ನಾಲ್ಕಾರು ಜನ ಸೇರಿ ಮಾಡುತ್ತಿದ್ದ ಕೆಲಸ, ಇನ್ನೇನು ತಾನೆ ಉಳಿಯುತ್ತದೆ?

ಗೈಡ್ ಫೋನಿನಲ್ಲಿ ಒಂದು ಬೋಕಿಯ ಫೋಟೊ ತೋರಿಸಿದರು. ಅಂಗೈಗಿಂತ ಚಿಕ್ಕದು, ನಡುವೆ ತೂತು. ಸುಡುವ ಮುಂಚೆಯೇ ಕೆಟ್ಟ ಮಡಕೆಯಿಂದ ಕತ್ತರಿಸಿಕೊಂಡದ್ದು. ಅದನ್ನು ಆವಿಗೆಯೊಳಗೆ, ಅಂದರೆ ಮಡಕೆ ಸುಡುವ ಗೂಡಿನೊಳಗೆ ಇಟ್ಟು, ಬೆಂಕಿ ಉರಿಯುವಾಗಲೇ ಕಂಬಿಯನ್ನು ತೂತಿಗೆ ಸಿಕ್ಕಿಸಿ ಹೊರಗೆಳೆದು ಬಣ್ಣ ನೋಡುತ್ತಿದ್ದರಂತೆ. ಅನ್ನ ಬೆಂದಿದೆಯಾ ಅಂತ ಒಂದು ಅಗುಳು ಹಿಸುಕುತ್ತೇವಲ್ಲ, ಅದೇ ಲೆಕ್ಕ!

ಇಷ್ಟು ಎಚ್ಚರ ಯಾಕೆ ಅಂದರೆ, ಆ ಮಡಕೆಗಳ ಹೊಳೆಯುವ ಕಪ್ಪು ಬೇರೆ ಬಣ್ಣವಲ್ಲ. ನುಣ್ಣಗೆ ತಿಳಿ ತೆಗೆದ ಮಣ್ಣು. ಅದನ್ನು ಬಳಿದು ಮೊದಲು ಗಾಳಿ ಬಿಟ್ಟು ಸುಡಬೇಕು. ಆಮೇಲೆ ಗಾಳಿ ಕಟ್ಟಿ ಹೊಗೆಯಲ್ಲಿ ಬೇಯಿಸಬೇಕು. ಕೊನೆಗೆ ಮತ್ತೆ ಗಾಳಿ ಬಿಡಬೇಕು. ಆಗ ಬಳಿದಷ್ಟು ಕಪ್ಪಾಗಿಯೇ ನಿಂತು, ಮಿಕ್ಕದ್ದು ಕೆಂಪಿಗೆ ತಿರುಗುತ್ತದೆ. ಹೊತ್ತು ತಪ್ಪಿದರೆ ವಾರಗಳ ದುಡಿಮೆ ಹೋಯಿತು. ಆ ತೂತಿನ ಬೋಕಿ ನೋಡಿ ನನಗೆ ಗಂಟಲು ಕಟ್ಟಿತು. ರಾತ್ರಿಯೆಲ್ಲಾ ಆವಿಗೆ ಮುಂದೆ ನಿದ್ದೆಗೆಟ್ಟು ಕೂತ ಯಾರೋ ಒಬ್ಬರು ಕಣ್ಣಿಗೆ ಬಂದರು.

ಅಗೊರಾದ ಮ್ಯೂಸಿಯಂನಲ್ಲಿ ಹೂಜಿ, ಚಿತ್ರದ ಮಡಕೆಗಳನ್ನೆಲ್ಲಾ ಬೇಗ ಬೇಗ ದಾಟಿದೆ. ಒಂದು ಸಾದಾ ಕಪ್ಪು ಬಟ್ಟಲ ಮುಂದೆ ಮಾತ್ರ ಕಾಲು ನಿಂತುಬಿಟ್ಟಿತು. ಒಳಗೆ ತಳದಲ್ಲಿ ಕೆಂಪು ಬಳೆಯಂಥ ಗುರುತು. ಆವಿಗೆಯಲ್ಲಿ ಅದರ ಮೇಲೆ ಇನ್ನೊಂದು ಬಟ್ಟಲ ಪಾದ ಕೂತಿದ್ದ ಜಾಗ, ಅಲ್ಲಿಗೆ ಹೊಗೆ ತಲುಪಿಲ್ಲ. ಪೇರಿಸಿದ ಕೈ ಅವಸರದಲ್ಲಿತ್ತೋ ಏನೋ, ಬಳೆ ನಡುವಿಗೆ ಬಂದಿಲ್ಲ, ಒಂದು ಬದಿಗೆ ಸರಿದಿದೆ.