ಜಗಲಿಯ ಬಟ್ಟೆ ಹಗ್ಗ

"ಎಂತಕ್ಕೆ ತೆಗೀತೀಯ ಮಾರಾಯ್ತಿ? ಮಳೆಗಾಲದಲ್ಲಿ ಜಗಲೀಲಿ ಬಟ್ಟೆ ಇಲ್ಲ ಅಂದ್ರೆ ಮನೇಲಿ ಜನ ಇಲ್ಲ ಅಂತ್ಲೇ ಅಲ್ವಾ?"

ಈ ವಾರವಿಡೀ ಇದೇ ಮಾತು ತಲೆಯಲ್ಲಿ ಸುತ್ತುತ್ತಿದೆ. ಹೇಳಿದ್ದು ತೀರ್ಥಹಳ್ಳಿ ಹತ್ತಿರದ ಹಳ್ಳಿಯ ಒಬ್ಬ ಅಮ್ಮ. ಅವರ ಹಂಚಿನ ಮನೆಯನ್ನು ದೀಪಾವಳಿ ಕಳೆದ ಮೇಲೆ ಬಿಚ್ಚುತ್ತಾರೆ. ಅದಕ್ಕೆ ಮೊದಲು ಒಳಗೆ ಹೊರಗೆ ಎಲ್ಲಾ ಫೋಟೋ ತೆಗೆಸಿಡಬೇಕು ಅಂತ ಬೆಂಗಳೂರಿನಲ್ಲಿರುವ ಮಗ ನನಗೆ ಫೋನ್ ಮಾಡಿದ್ದರು. ಆಷಾಢದಲ್ಲಿ ಮದುವೆ ಫೋಟೋಗ್ರಾಫರ್ ಯಾವ ಕೆಲಸವನ್ನೂ ಬೇಡ ಅನ್ನುವ ಹಾಗಿಲ್ಲ. ಒಪ್ಪಿಕೊಂಡೆ.

ನಾನು ಬಳ್ಳಾರಿಯವಳು. ಕಳೆದ ವರ್ಷ ಗಂಡನಿಗೆ ಶಿವಮೊಗ್ಗಕ್ಕೆ ವರ್ಗ ಆಯಿತು. ಅವರ ನೌಕರಿ ಜೊತೆಗೇ ಬಂತು, ನನ್ನ ಗಿರಾಕಿಗಳು ಅಲ್ಲೇ ಉಳಿದರು. ಅಲ್ಲಿ ಅಕ್ಕನ ಮದುವೆ ತೆಗೆದರೆ ತಂಗಿಯ ಮದುವೆಯೂ ನನಗೇ ಬರುತ್ತಿತ್ತು. ಇಲ್ಲಿ ಮತ್ತೆ ಮೊದಲಿಂದ ಶುರು. ಪಾಸ್‌ಪೋರ್ಟ್ ಸೈಜ್ ಫೋಟೋ, ನಾಮಕರಣ, ಅಪ್ಪೆಮಿಡಿ ಉಪ್ಪಿನಕಾಯಿ ಮಾರುವವರ ಬಾಟಲಿ ಫೋಟೋ. ಬಾಗಿಲು ತೆರೆದರೆ "ಫೋಟೋಗ್ರಾಫರ್ ಬರ್ಲಿಲ್ವಾ?" ಅಂತ ನನ್ನ ಹಿಂದೆ ಇಣುಕಿ ನೋಡುವವರು ಮಾತ್ರ ಎರಡೂ ಊರಲ್ಲಿ ಒಂದೇ ಥರ.

ಬಳ್ಳಾರಿಯ ಮಧ್ಯಾಹ್ನದ ಬಿಸಿಲಿಗೆ ಮದುಮಗಳ ಮೂಗಿನ ಕೆಳಗೆ ಮೀಸೆ ಬಂದ ಹಾಗೆ ನೆರಳು ಬೀಳುತ್ತಿತ್ತು. ಇಲ್ಲಿ ಜುಲೈನಲ್ಲಿ ನೆರಳೇ ಬೀಳುವುದಿಲ್ಲ. ಮೊದಲ ಮಳೆಗಾಲದಲ್ಲೇ ಒಂದು ಲೆನ್ಸಿನೊಳಗೆ ಫಂಗಸ್ ಹಿಡಿಯಿತು. ದುರ್ಗಿಗುಡಿಯ ಹಳೇ ಸ್ಟುಡಿಯೋದವರೊಬ್ಬರು, "ಸಿಲಿಕಾ ಜೆಲ್ ಒಂದನ್ನೇ ನಂಬಬೇಡಿ ಮೇಡಂ, ಬೀರುವಿನಲ್ಲಿ ಒಂದು ಬಲ್ಬ್ ಉರಿಸಿಡಿ. ಎಲ್‌ಇಡಿ ಅಲ್ಲ, ಹಳೇ ಕಾಲದ್ದು, ಬಿಸಿ ಆಗೋದು" ಅಂದರು. ಅವತ್ತಿನಿಂದ ನಮ್ಮ ಬೀರು ರಾತ್ರಿಯಿಡೀ ಉರಿಯುತ್ತದೆ. ಗಂಡನಿಗೆ ಕರೆಂಟ್ ಬಿಲ್ಲಿನ ಚಿಂತೆ.

ಸರಿ, ಆ ಮನೆಗೆ ಬರೋಣ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಸುಮಾರು 60 ಕಿ.ಮೀ. ಗಾಜನೂರು, ಸಕ್ರೆಬೈಲು ದಾಟಿ ಮಂಡಗದ್ದೆಗೆ ಬಂದರೆ ತುಂಗೆಯ ನಡುವಿನ ಮರಗಳ ತುಂಬಾ ಬೆಳ್ಳಕ್ಕಿ, ನೀರುಕಾಗೆಗಳ ಗೂಡು. ಬೇರೆ ದಿನವಾಗಿದ್ದರೆ ಕಾರು ನಿಲ್ಲಿಸುತ್ತಿದ್ದೆ.

ಮನೆಯೊಳಗೆ ಬೆಳಗ್ಗೆ ಹನ್ನೊಂದು ಗಂಟೆಗೂ ಕತ್ತಲೆ. ಮಾಡಿನಲ್ಲಿ ಒಂದು ಗಾಜಿನ ಹಂಚು ಇತ್ತು, ಅಡುಗೆ ಮನೆಗೆ ಅದೇ ಬೆಳಕು. ಫ್ಲ್ಯಾಶ್ ಹೊಡೆದರೆ ಎಲ್ಲಾ ಬೆಳ್ಳಗಾಗಿ ಯಾವ ಊರಿನ ಯಾವ ಮನೆಯೋ ಆಗಿಬಿಡುತ್ತದೆ. ಟ್ರೈಪಾಡ್ ಮೇಲಿಟ್ಟು, ಒಂದೆರಡು ಸೆಕೆಂಡ್ ಶಟರ್ ತೆರೆದಿಟ್ಟು ತೆಗೆದೆ. ಆ ಒಂದೆರಡು ಸೆಕೆಂಡಲ್ಲಿ ಬಚ್ಚಲೊಲೆಯ ಹೊಗೆ ಕೂಡ ಫೋಟೋಗೆ ಬಂದು ಕೂತಿತು.

ಅವತ್ತೇ ಮರದ ವ್ಯಾಪಾರಿಯೂ ಬಂದಿದ್ದ. ಕಂಬ, ತೊಲೆ, ಬಾಗಿಲು ಅಳೆಯುತ್ತಿದ್ದ. "ಮೇಡಂ, ಈ ತುದಿ ಸ್ವಲ್ಪ ಹಿಡ್ಕೊಳ್ಳಿ" ಅಂತ ಟೇಪನ್ನು ನನ್ನ ಕೈಗೇ ಕೊಟ್ಟ. ಹಿಡಿದುಕೊಂಡೆ, ಏನು ಮಾಡೋದು. "ಕಂಬದ ಫೋಟೋ ನನಗೂ ವಾಟ್ಸಾಪ್ ಮಾಡಿ, ಹೋಂಸ್ಟೇಯವರಿಗೆ ತೋರಿಸ್ಬೇಕು" ಅಂತ ಬೇರೆ. ಪುಕ್ಕಟೆ. ಕುಪ್ಪಳಿಯಲ್ಲಿ ಕವಿಮನೆಯನ್ನು ಎಷ್ಟು ಚೆನ್ನಾಗಿ ಉಳಿಸಿಕೊಂಡಿದ್ದಾರೆ ಅಂತ ನಾನು ಸುಮ್ನೆ ಅಂದೆ. "ಎಲ್ಲಾ ಮನೇಲೂ ಕುವೆಂಪು ಬೆಳೀತಾರಾ ಮೇಡಂ?" ಅಂದ. ನನಗೆ ಆ ಮನುಷ್ಯ ಹಿಡಿಸಲಿಲ್ಲ. ಆದರೆ ಒಂದು ಮಾತು ಹೇಳಬೇಕು, ಮಗನಿಗಿಂತ ಜಾಸ್ತಿ ಆ ಮನೆಯನ್ನು ಮುಟ್ಟಿ ನೋಡಿದವನು ಅವನೇ. ಕಂಬಕ್ಕೆ ಬೆರಳ ಗೆಣ್ಣಿನಿಂದ ಬಡಿದು "ಇದು ಹಲಸು, ಇದು ಬೀಟೆ" ಅಂತ ಹೇಳುತ್ತಾ ಹೋದ.

ಜಗಲಿಯ ಫೋಟೋ ತೆಗೆಯುವಾಗ ಮಗ ವೀಡಿಯೋ ಕಾಲ್‌ಗೆ ಬಂದರು. "ಮೇಡಂ, ಆ ಬಟ್ಟೆ ಹಗ್ಗ ಬಿಚ್ಚಿಸಿಬಿಡಿ. ನೀಲಿ ಟಾರ್ಪಾಲೂ ಬೇಡ. ಒರಿಜಿನಲ್ ಥರ ಕಾಣ್ಬೇಕು." ಹಗ್ಗದ ಮೇಲೆ ಎರಡು ಸೀರೆ, ಟವೆಲ್ಲು, ಲಂಗ, ತೋಟದ ಕೆಲಸಕ್ಕೆ ಹಾಕುವ ಮಾಸಲು ಅಂಗಿ. ಯಾವುದೂ ಒಣಗಿರಲಿಲ್ಲ. ನಾನು ಗಂಟಿಗೆ ಕೈ ಹಾಕಿದೆ. ಆಗ ಅಮ್ಮ ಆ ಮಾತು ಹೇಳಿದರು. ಕೋಪ ಏನಿರಲಿಲ್ಲ. ಗೊತ್ತಿಲ್ಲದವಳಿಗೆ ತಿಳಿಸಿ ಹೇಳುವ ದನಿ. ಫೋನಿನಿಂದ ಮಗ "ಅಮ್ಮಾ, ನೀನು ಸುಮ್ನಿರು" ಅಂತ ನಕ್ಕರು. ಅಮ್ಮ ಕಾಫಿ ತರಲು ಒಳಗೆ ಹೋದರು. ನಾನು ಗಂಟು ಹಿಡಿದು ನಿಂತೇ ಇದ್ದೆ.

ಮಗ ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಪ್ರತಿ ವರ್ಷ ಮಳೆ ಹಿಡಿಯುವ ಮೊದಲು ಹಂಚು ಕೈಯಾಡಿಸಲು ದುಡ್ಡು ಕಳಿಸುತ್ತಿದ್ದವರು ಅವರೇ. ದುಡ್ಡಿದ್ದರೂ ಮಾಡು ಹತ್ತುವ ಆಳು ಸಿಗಬೇಕಲ್ಲ. ಸಿಕ್ಕಿ ರಿಪೇರಿ ಆದ ವಾರಕ್ಕೇ ಮಂಗಗಳು ಬಂದು ಮತ್ತೆ ಹಂಚು ಒಡೆಯುತ್ತವೆ. ಮನೆ ಬಿಚ್ಚಿ ಅದೇ ಜಾಗದಲ್ಲಿ ಆರ್‌ಸಿಸಿ ಕಟ್ಟಿಸೋಣ ಅಂತ ಮೊದಲು ಹೇಳಿದ್ದು ಅಮ್ಮನೇ. "ಸೋರದಿದ್ದ ಮನೇಲಿ ಒಂದು ಮಳೆಗಾಲ ಮಲಗಬೇಕು ಮಾರಾಯ್ತಿ" ಅಂದರು. ಕಣ್ಣೀರು ಗಿಣ್ಣೀರು ಏನಿಲ್ಲ. ಹಳೇ ಮನೆ ಹೋಗುತ್ತದೆ ಅಂತ ಅಮ್ಮ ಅಳುತ್ತಾರೆ, ಅದನ್ನೂ ಒಂದು ಕ್ಲಿಕ್ ಮಾಡಬಹುದು ಅಂತ ದಾರಿಯುದ್ದಕ್ಕೂ ಲೆಕ್ಕ ಹಾಕಿದ್ದ ನನಗೇ ಪೆಚ್ಚಾಯಿತು. ಅವರಿಗೆ ಮನೆ ಹೋಗುವುದರ ಬಗ್ಗೆ ತಕರಾರಿಲ್ಲ. ಬಟ್ಟೆ ಹೋಗುವುದರ ಬಗ್ಗೆ ಇದೆ.

ಕಾಫಿ ಕುಡಿಯುವಾಗ ಜಗಲಿಯ ಕೊನೆಯ ಕಂಬ ಕಣ್ಣಿಗೆ ಬಿತ್ತು. ಕೂತವರ ಕೈಗೆ ಎಟಕುವ ಎತ್ತರದಲ್ಲಿ ಅಂಗೈ ಅಗಲ ಸುಣ್ಣದ ಕಲೆ. ಎಲೆ ಅಡಿಕೆ ಹಾಕುವಾಗ ಬೆರಳಲ್ಲಿ ಮಿಕ್ಕಿದ ಸುಣ್ಣವನ್ನು ಒರೆಸಿ ಒರೆಸಿ ಪದರ ಪದರವಾಗಿ ಗಟ್ಟಿಯಾಗಿತ್ತು. ಮೇಲಿನ ಪದರದಲ್ಲಿ ಬೆರಳ ಗೀರು ಇನ್ನೂ ಕಾಣುತ್ತಿತ್ತು. "ನಮ್ಮ ಯಜಮಾನ್ರ ಕೆಲಸ. ಎಷ್ಟು ಬೈದಿದ್ದೆ ಗೊತ್ತಾ? ಅವ್ರು ಹೋದ್ರು, ಸುಣ್ಣ ಹೋಗ್ಲಿಲ್ಲ" ಅಂದರು ಅಮ್ಮ. ವ್ಯಾಪಾರಿ ಅಲ್ಲಿಂದಲೇ, "ಪಾಲಿಶ್ ಹೊಡೆದ್ರೆ ಹೋಗ್ತದೆ ಬಿಡಿ" ಅಂದ.

ಎರಡು ದಿನ ಬಿಟ್ಟು ಆಗುಂಬೆ ರಸ್ತೆಯ ಒಂದು ಹೋಂಸ್ಟೇಯಲ್ಲಿ ಪ್ರೀ ವೆಡ್ಡಿಂಗ್ ಶೂಟ್ ಇತ್ತು. ವರ್ಷಕ್ಕೆ 7,000 ಮಿ.ಮೀ.ಗೂ ಜಾಸ್ತಿ ಮಳೆ ಸುರಿಯುವ ಕಡೆಗೆ ಜನ ಬಿಳಿ ಗೌನ್ ಹಾಕಿಕೊಂಡು ಫೋಟೋಗೆ ಬರುತ್ತಾರೆ, ಅದು ಬೇರೆ ಕಥೆ. ಹುಡುಗ ಹುಡುಗಿ ಹಳೇ ಕಂಬಕ್ಕೆ ಒರಗಿ ನಿಂತರು. ಹೊಳೆಯುವ ಕಂಬ, ಅದರ ಮೇಲೊಂದು ಸ್ಪಾಟ್‌ಲೈಟ್. ಇಂಥ ಕಂಬಗಳ ಮುಂದೆ ಎಷ್ಟು ಜೋಡಿಗಳನ್ನು ನಿಲ್ಲಿಸಿದ್ದೇನೋ, ಅವು ಯಾರ ಮನೆಯವು ಅಂತ ಯೋಚಿಸಿದವಳಲ್ಲ. ಅವತ್ತು ಮಾತ್ರ ಬಗ್ಗಿ ಸುಣ್ಣ ಹುಡುಕಿದೆ. "ಮೇಡಂ, ಏನಾದ್ರೂ ಬಿತ್ತಾ?" ಅಂತ ಹುಡುಗ ಕೇಳಿದ.

ವಿನೋಬನಗರದ ನಮ್ಮ ಮನೆ ಮಾಲೀಕರಿಗೆ ಇದನ್ನೆಲ್ಲಾ ಹೇಳಿದೆ. ಅವರದು ಶರಾವತಿ ಮುಳುಗಡೆ ಕುಟುಂಬ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿಯಿತು, ಅವರ ಊರು ಹಿನ್ನೀರಿನ ಅಡಿಗೆ ಹೋಯಿತು. ಅವರ ತಂದೆ ಒಂದು ಬಾಗಿಲನ್ನು ಹೇಗೋ ತಂದಿದ್ದರಂತೆ. ಈಗಲೂ ಮುಂಬಾಗಿಲು ಅದೇ. "ಬಾಗಿಲು ಇದೆ, ಅದರೊಳಗೆ ಹೇಗಿತ್ತು ಅಂತ ನಂಗೆ ಗೊತ್ತಿಲ್ಲ" ಅಂದರು. ಆ ಮನೆಯ ಒಂದೂ ಫೋಟೋ ಇಲ್ಲ. ಇದ್ದಿದ್ದರೂ ಮದುವೆಯದೋ ಗೃಹಪ್ರವೇಶದ್ದೋ ಇರುತ್ತಿತ್ತು, ಎಲ್ಲರೂ ಸಾಲಾಗಿ ಕೂತು ಕ್ಯಾಮೆರಾ ನೋಡುವಂಥದ್ದು. ಬಟ್ಟೆ ಒಣಗುವ ಜಗಲಿಯ ಫೋಟೋ ಆಗ ಯಾರು ತೆಗೆಸುತ್ತಿದ್ದರು? ಈಗಲೂ ಮೊಬೈಲಲ್ಲಿ ದಿನಕ್ಕೆ ನೂರು ಫೋಟೋ ತೆಗೆಯುವ ನಾವು ಮೊದಲು ಮಾಡುವ ಕೆಲಸ ಏನು? ಹಿಂದಿರುವ ಬಕೆಟ್ ಪಕ್ಕಕ್ಕೆ ತಳ್ಳುವುದು. ನನಗಂತೂ ಅದೇ ಹೊಟ್ಟೆಪಾಡು.

ಅವತ್ತು ಹಗ್ಗ ಬಿಚ್ಚಿದೆನಾ? ಇಲ್ಲ. ಹಾಗೇ ತೆಗೆದೆ, ಟಾರ್ಪಾಲೂ ಸೇರಿಸಿ. ಅಮ್ಮ ಒಂದು ದೊಡ್ಡ ಪ್ರಿಂಟ್ ಕೇಳಿದ್ದಾರೆ, ಸುಣ್ಣದ ಕಂಬದ್ದು. ದುಡ್ಡು ತಾವೇ ಕೊಡುತ್ತಾರಂತೆ, ಮಗನಿಗೆ ಹೇಳಬಾರದಂತೆ.

ಮಗನಿಗೆ ಎಲ್ಲಾ ಫೋಟೋ ಕಳಿಸಿದೆ. ನಿನ್ನೆ ಮೆಸೇಜ್ ಬಂತು. "ಸೂಪರ್ ಮೇಡಂ. ಬಟ್ಟೆ ಎಡಿಟ್‌ನಲ್ಲಿ ತೆಗೆಯೋಕೆ ಆಗಲ್ವಾ?" ಆಗುತ್ತದೆ, ಅರ್ಧ ಗಂಟೆಯ ಕೆಲಸ. ಒಂದು ಬಟ್ಟೆಗೆ ಇಷ್ಟು ಅಂತ ರೇಟ್ ಹಾಕಿ, ಸೀರೆಗೆ ಸ್ವಲ್ಪ ಜಾಸ್ತಿ ಮಾಡಿ ಕಳಿಸಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.