ನೀವು ಹೋಗ್ರಿ ಅಕ್ಕಾರ

ಕಳೆದ ಭಾನುವಾರ ಮಧ್ಯಾಹ್ನ ಬೀದರಿನಿಂದ ಕಲಬುರಗಿಗೆ ಮರಳುವಾಗ ಬಸ್ಸು ಚಹಾಕ್ಕೆಂದು ಹತ್ತು ನಿಮಿಷ ಒಂದು ನಿಲ್ದಾಣದಲ್ಲಿ ನಿಂತಿತು. ಅಲ್ಲಿನ ಮಹಿಳೆಯರ ಶೌಚಾಲಯದ ಮುಂದೆ, ನನಗಿಂತ ಇಪ್ಪತ್ತು ವರ್ಷಕ್ಕಾದರೂ ಹಿರಿಯರಾದ ಒಬ್ಬರು ನನ್ನನ್ನು ‘ಅಕ್ಕಾರ’ ಎಂದು ಕರೆದರು. ಇವತ್ತಿಗೆ ಐದು ದಿನವಾಯಿತು. ಬೇಳೆ ಮಿಲ್ಲಿನ ಕಚೇರಿಯಲ್ಲಿ ಲೆಕ್ಕ ಬರೆಯುವಾಗಲೂ, ರಾತ್ರಿ ದೀಪ ಆರಿಸಿ ಮಲಗಿದಾಗಲೂ ಆ ಕರೆ ಕೇಳಿಸುತ್ತಲೇ ಇದೆ.

ಬೀದರಿಗೆ ಹೋದದ್ದು ಚಿಕ್ಕಪ್ಪನ ಮಗಳ ಕುಬಸಕ್ಕೆ. ಏಳು ವರ್ಷಗಳ ಮೇಲೆ ಮನೆತನದ ಕಾರ್ಯವೊಂದಕ್ಕೆ ನನಗೆ ಕರೆ ಬಂದಿತ್ತು, ಅದೂ ನಾನು ಈಗ ಇಟ್ಟುಕೊಂಡಿರುವ ಹೆಸರು ಹಿಡಿದೇ ಬಂದಿತ್ತು. ಆರತಿ ಬೆಳಗುವ ಹೆಂಗಸರ ಸಾಲಿನಲ್ಲಿ ಚಿಕ್ಕಮ್ಮ ನನ್ನನ್ನೂ ಕೈ ಹಿಡಿದು ನಿಲ್ಲಿಸಿದಳು. ಊಟದ ಹೊತ್ತಿನಲ್ಲಿ ಸೋದರಮಾವನೊಬ್ಬ, 2021ರಲ್ಲಿ ನನ್ನಂತೆಯೇ ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವ ಜಾನಪದ ಕಲಾವಿದೆ ಮಂಜಮ್ಮ ಜೋಗತಿಯವರು ಪದ್ಮಶ್ರೀ ಸ್ವೀಕರಿಸುವಾಗ ಸೀರೆಯ ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದದ್ದನ್ನು ಟಿವಿಯಲ್ಲಿ ನೋಡಿದ್ದಾಗಿ ನನಗೆ ಕೇಳಿಸುವಂತೆ ಎಲ್ಲರಿಗೂ ಹೇಳಿದ. ಅವನ ಮನಸ್ಸು ಒಳ್ಳೆಯದು, ನನ್ನನ್ನು ಗೌರವಿಸಲೆಂದೇ ಆ ಮಾತು ತೆಗೆದಿದ್ದ. ಗರ್ಭಿಣಿ ತಂಗಿ ತನ್ನ ಕೈಯಾರೆ ಎರಡು ಲೋಟ ಮಜ್ಜಿಗೆ ತಂದು ಕೊಟ್ಟಳು. ಅವಳ ಕೈಯ ಲೋಟವನ್ನು ಬೇಡವೆನ್ನಲು ನನ್ನಿಂದ ಆಗಲಿಲ್ಲ.

ಪ್ರಯಾಣದ ದಿನ ನಾನು ಏನನ್ನೂ ಕುಡಿಯುವುದಿಲ್ಲ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ನಮ್ಮ ಭಾಗದಲ್ಲಿ ಇದೆಂಥ ಹುಚ್ಚು ಎಂದು ನನ್ನ ವೈದ್ಯರು ಎರಡು ಸಲ ಬೈದಿದ್ದಾರೆ, ಎರಡು ಸಲವೂ ಮೂತ್ರದ ಸೋಂಕಿನ ಚೀಟಿ ಬರೆಯುತ್ತಲೇ ಬೈದಿದ್ದಾರೆ. ಗಂಡು ಹಾರ್ಮೋನಿನ ಪ್ರಭಾವ ತಗ್ಗಿಸಲೆಂದು ನಾನು ತೆಗೆದುಕೊಳ್ಳುವ ಸ್ಪಿರೊನೊಲ್ಯಾಕ್ಟೋನ್ ಗುಳಿಗೆ ಮೂಲತಃ ಮೈಯ ನೀರನ್ನು ಹೊರಹಾಕುವ ಔಷಧಿ, ರಕ್ತದೊತ್ತಡದವರಿಗೂ ಅದನ್ನು ಕೊಡುತ್ತಾರೆ. ಮಂದಿಯ ನಡುವೆ ನಾನು ಎದ್ದು ಕಾಣದಂತೆ ನೆರವಾಗುವ ಗುಳಿಗೆಯೇ ನಾನು ಅತ್ಯಂತ ಅಂಜುವ ಬಾಗಿಲಿಗೆ ದಿನಕ್ಕೆ ಹತ್ತು ಸಲ ನನ್ನನ್ನು ನೂಕುತ್ತದೆ ಎಂಬುದನ್ನು ವೈದ್ಯರಿಗೆ ಬಿಡಿಸಿ ಹೇಳಲು ನನಗೆ ಇನ್ನೂ ಸಾಧ್ಯವಾಗಿಲ್ಲ.

ಆ ಬಾಗಿಲನ್ನು ದಾಟಲು ನಾನು ಕಲಿತುಕೊಂಡ ಕ್ರಮವೊಂದಿದೆ. ಐದು ರೂಪಾಯಿಯ ನಾಣ್ಯವನ್ನು ಬಸ್ಸಿನಲ್ಲಿಯೇ ಮುಷ್ಟಿಯಲ್ಲಿ ಹಿಡಿದುಕೊಳ್ಳುತ್ತೇನೆ. ಚಿಲ್ಲರೆ ಕೇಳಿದರೆ ಮಾತಾಡಬೇಕಾಗುತ್ತದೆ, ಮಾತಾಡಿದರೆ ದನಿ ಹೊರಗೆ ಬರುತ್ತದೆ. ಹಾರ್ಮೋನು ಮೈಯನ್ನು ಎಷ್ಟೋ ಮೆದುವಾಗಿಸಿದರೂ ಹರೆಯದಲ್ಲಿ ಒಮ್ಮೆ ಒಡೆದ ಗಂಟಲನ್ನು ಹಿಂದಿರುಗಿಸುವುದಿಲ್ಲ. ವೇಲನ್ನು ಕೊರಳಿಗೆ ಎರಡು ಸುತ್ತು ಸುತ್ತುತ್ತೇನೆ. ಶೌಚಾಲಯ ಪೂರ್ತಿ ಖಾಲಿಯಿದ್ದಾಗ ಹೋಗುವುದಿಲ್ಲ, ಏಕೆಂದರೆ ಬಾಗಿಲಲ್ಲಿ ಕೂತವರಿಗೆ ನೋಡಲು ನನ್ನೊಬ್ಬಳ ಮುಖವೇ ಸಿಗುತ್ತದೆ. ತೀರ ಗದ್ದಲವಿದ್ದಾಗಲೂ ಹೋಗುವುದಿಲ್ಲ, ಏಕೆಂದರೆ ಸಾಲಿನಲ್ಲಿ ನಿಂತವರಿಗೆ ಒಬ್ಬರ ಮುಖ ಒಬ್ಬರು ನೋಡುವುದೇ ಕೆಲಸವಾಗುತ್ತದೆ. ಇಬ್ಬರು ಮೂವರು ಇರುವ ಹೊತ್ತು ನೋಡಿ, ಮೊಬೈಲನ್ನು ಕಿವಿಗೆ ಹಿಡಿದು, ಯಾರದೋ ಮಾತು ಕೇಳುತ್ತಿರುವವಳಂತೆ ಒಳಗೆ ಹೋಗುತ್ತೇನೆ. ಬಾಗಿಲ ಕೆಳಗಿನ ಸಂದಿನಲ್ಲಿ ನನ್ನ ದೊಡ್ಡ ಅಂಗಾಲು ಕಾಣದಿರಲೆಂದು ಗೋಡೆಯ ಕಡೆಗೆ ಸರಿದು ಕೂರುತ್ತೇನೆ. ಹೊರಗೆ ಬಂದಮೇಲೆ ಕನ್ನಡಿ ನೋಡುವುದಿಲ್ಲ.

ಬಸ್ಸಿನಲ್ಲಿ ಇಷ್ಟೆಲ್ಲ ಬೇಕಾಗುವುದಿಲ್ಲ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಲ್ಲಿ ಮಹಿಳೆಯರ ಜೊತೆಗೆ ನಮ್ಮಂಥವರನ್ನೂ ಸೇರಿಸಿದ್ದಾರೆ. ಭಾನುವಾರದ ಕಂಡಕ್ಟರ್ ನನ್ನ ಆಧಾರ್ ಕಾರ್ಡಿನ ಮೇಲೆ ಕಣ್ಣಾಡಿಸಿ, “ಎಲ್ಲಿಗ್ರೀ ಅಕ್ಕಾರ, ಕಲಬುರಗಿಗ್ಯಾ?” ಎಂದು ಕೇಳಿ, ತಲೆಯಾಡಿಸಿದ್ದಕ್ಕೆ ಶೂನ್ಯ ದರದ ಟಿಕೆಟ್ ಹರಿದು ಕೊಟ್ಟ. ಮೂರು ತಾಸಿನ ದಾರಿಗೆ ಬೇಕಾದ ಮಾತು ಅಷ್ಟೇ ಇತ್ತು.

ನಿಲ್ದಾಣದಲ್ಲಿ ನಾನು ಇಳಿದಾಗ ಸಾಲಿನಲ್ಲಿ ಮೂವರಿದ್ದರು. ಎಲ್ಲರಿಗಿಂತ ಮುಂದೆ ನಿಂತವರು ಕೆಂಪು ಅಂಚಿನ ಹಸಿರು ಸೀರೆ ಉಟ್ಟಿದ್ದರು, ಹಣೆಯ ತುಂಬ ಕುಂಕುಮ ಮತ್ತು ಭಂಡಾರವಿತ್ತು, ಕೈಯಲ್ಲಿ ಹಳೆಯ ಬಟ್ಟೆಯ ಚೀಲವಿತ್ತು. ಹಿಂದಿನಿಂದ ನೋಡಿಯೇ ನನಗೆ ತಿಳಿಯಿತು. ಅಗಲವಾದ ಭುಜವನ್ನು ಮರೆಮಾಡಲು ಸೆರಗನ್ನು ಎರಡೂ ಕಡೆಯಿಂದ ಹೊದೆಯುವ ರೀತಿ ನನ್ನದೂ ಹೌದು. ಅಂಗಡಿಯಿಂದ ಅಂಗಡಿಗೆ ಮಾಂಗ್ತಿಗೆ, ಅಂದರೆ ಕಾಸು ಬೇಡಲು, ಹೊರಟವರಿರಬೇಕು. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತ ಹೆಂಗಸು ಎಲ್ಲರಿಗೂ ಕೇಳುವಂತೆ ಅವರನ್ನೂ “ಒಂದಕ್ಕೋ, ಎರಡಕ್ಕೋ?” ಎಂದು ಕೇಳಿದಳು. ಅವರು “ಒಂದಕ್ಕವ್ವಾ” ಎಂದರು. ಆ ದನಿ ಕೇಳಿ ಅವಳು ತಲೆಯೆತ್ತಿ ನೋಡಿದಳು.

“ಏ, ಇದು ಹೆಣ್ಮಕ್ಕಳ್ದು ಅದ. ಆ ಕಡಿ ಹೋಗು.”

“ಆ ಕಡಿ ಗಂಡಸರು ಅದಾರವ್ವಾ. ನಾ ಹ್ಯಾಂಗ ಹೋಗ್ಲಿ?”

“ಅದು ನನಗ ಗೊತ್ತಿಲ್ಲ. ಇಲ್ಲಿ ಹೆಣ್ಮಕ್ಕಳು ಅಂಜತಾರ.”

ಸಾಲಿನಲ್ಲಿದ್ದ ಎಳೆಯ ತಾಯಿಯೊಬ್ಬಳು ಮಗುವನ್ನು ತನ್ನ ಕಡೆಗೆ ಎಳೆದುಕೊಂಡಳು. ಅವಳ ಹಿಂದಿನ ಹುಡುಗಿ ಮೊಬೈಲಿನಲ್ಲಿ ಮುಖ ಹುದುಗಿಸಿದಳು. ಹಸಿರು ಸೀರೆಯವರು ಜಗಳ ತೆಗೆಯಲಿಲ್ಲ, ಚಪ್ಪಾಳೆ ತಟ್ಟಲಿಲ್ಲ, ಕೊಟ್ಟ ಐದು ರೂಪಾಯಿಯನ್ನು ಮೇಜಿನ ಮೇಲಿಂದ ಮರಳಿ ತೆಗೆದುಕೊಂಡು ತಿರುಗಿದರು. ತಿರುಗಿದಾಗ ಎದುರಿಗೆ ನಾನಿದ್ದೆ. ಒಂದು ಗಳಿಗೆ ನನ್ನ ಕಣ್ಣು ನೋಡಿದರು, ಕೊರಳಿನ ವೇಲು ನೋಡಿದರು, ಕಿವಿಗೆ ಹಿಡಿದ ಮೊಬೈಲನ್ನೂ ನೋಡಿದರು. ಅವರಿಗೂ ತಿಳಿಯಿತು. ಅವರು ಬಾಯಿ ತೆರೆದಾಗ ನನ್ನ ಎದೆ ಹೊಡೆದುಕೊಂಡದ್ದು ನನಗೇ ಕೇಳಿಸಿತು.

“ನೀವು ಹೋಗ್ರಿ ಅಕ್ಕಾರ, ನಿಮ್ಮ ಬಸ್ಸು ಬಿಟ್ಟೀತು,” ಎಂದರು.

ಸಾಲಿನ ಹೆಂಗಸರೆಲ್ಲ ನನಗೆ ದಾರಿ ಬಿಟ್ಟರು. ಬಾಗಿಲಲ್ಲಿ ಕೂತವಳು ನನ್ನ ಮುಷ್ಟಿಯ ನಾಣ್ಯ ತೆಗೆದುಕೊಂಡು, ಏನನ್ನೂ ಕೇಳದೆ ಒಳಗೆ ಬಿಟ್ಟಳು. ಒಬ್ಬ ಹಿಜಡಾಳಿಂದ ‘ಅಕ್ಕಾರ’ ಎಂದು ಬಹುವಚನದಲ್ಲಿ ಕರೆಸಿಕೊಂಡವಳು ಮರ್ಯಾದಸ್ಥರ ಮನೆಯ ಹೆಂಗಸೇ ಆಗಿರಬೇಕೆಂದು ಅವರೆಲ್ಲ ತಿಳಿದರು. ಆ ಕರೆಯಿಂದ ಹಸಿರು ಸೀರೆಯವರು ನನಗೆ ಮರೆ ಕಟ್ಟಿ ಕೊಟ್ಟು ಹೋಗಿದ್ದರು. ನಾನು ಹೊರಗೆ ಬಂದಾಗ ಅವರು ನಿಲ್ದಾಣದ ಹಿಂದೆ ಲಾರಿಗಳು ನಿಲ್ಲುವ ಬಯಲಿನ ಕಡೆಯಿಂದ ನೆರಿಗೆ ಸರಿಪಡಿಸಿಕೊಳ್ಳುತ್ತ ಬರುತ್ತಿದ್ದರು. ಲಾರಿಯ ನೆರಳಿನಲ್ಲಿ ಇಬ್ಬರು ಹುಡುಗರು ನಿಂತು ನಗುತ್ತಿದ್ದರು. ಅಷ್ಟರಲ್ಲಿ ಬಸ್ಸಿನ ಹಾರ್ನ್ ಆಯಿತು.

ಊರಿನ ಹೆಸರು ಬರೆಯುವುದಿಲ್ಲ. ಬಾಗಿಲಲ್ಲಿ ಕೂತವಳ ಮೇಲೆ ನನಗೆ ಸಿಟ್ಟು ಬಂದದ್ದು ನಿಜ, ಆದರೆ ಬಿಸಿಲಿನಲ್ಲಿ ದಿನವಿಡೀ ಆ ವಾಸನೆಯ ನಡುವೆ ಕೂತು ಐದೈದು ರೂಪಾಯಿ ಎಣಿಸುವ ಅವಳು ಕೆಟ್ಟವಳೆಂದು ಬರೆಯಲು ಮನಸ್ಸು ಒಪ್ಪುವುದಿಲ್ಲ. ಹೆಣ್ಣುಮಕ್ಕಳು ಅಂಜುತ್ತಾರೆ ಎಂದಳು. ಅಂಜುವುದು ಸುಳ್ಳಲ್ಲ. ಚಿಲಕವಿಲ್ಲದ ಬಾಗಿಲು, ಕಿಟಕಿಗೆ ಮುಖ ಹಚ್ಚುವ ಹುಡುಗರು, ಬಲ್ಬಿಲ್ಲದ ಕತ್ತಲೆ ನನ್ನನ್ನೂ ಹಾಗೆಯೇ ಅಂಜಿಸುತ್ತವೆ. ನಾನೂ ಒಳಗೆ ಕಾಲಿಡುತ್ತಲೇ ಮೊದಲು ಚಿಲಕವನ್ನೇ ಮುಟ್ಟಿ ನೋಡುತ್ತೇನೆ. ಆದರೆ ಆ ಕಡೆ ಹೋಗು ಎಂದು ಅವಳು ಬೆರಳು ತೋರಿಸಿದ ಗಂಡಸರ ಶೌಚಾಲಯದಲ್ಲಿ ಏನಾಗುತ್ತದೆ ಎಂಬುದು ನನಗೆ ಗೊತ್ತು. ಕಾಲೇಜಿನ ದಿನಗಳಲ್ಲಿ ಒಂದು ಸಂಜೆ ಅಂಥ ಕೋಣೆಯಿಂದ ನಾನು ಹರಿದ ಅಂಗಿಯಲ್ಲಿ ಓಡಿ ಬಂದಿದ್ದೇನೆ. ಹಸಿರು ಸೀರೆಯವರು ಲಾರಿಗಳ ಹಿಂದಿನ ಬಯಲನ್ನು ಆರಿಸಿಕೊಂಡದ್ದು ಆ ಕಡೆ ಏನಿದೆ ಎಂಬುದು ತಿಳಿದೇ ಇರಬೇಕು.

ಸಾಲಿನಲ್ಲಿ ನಿಂತ ಆ ಎರಡು ನಿಮಿಷ ನನ್ನ ತಲೆಯಲ್ಲಿ ಎಲ್ಲವೂ ಇತ್ತು. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು ನಾಲ್ಸಾ (ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ) ಪ್ರಕರಣದ ತೀರ್ಪಿನಲ್ಲಿ ನಮ್ಮನ್ನು ತೃತೀಯ ಲಿಂಗಿಗಳೆಂದು ಗುರುತಿಸಿ, ನಮಗೆ ಪ್ರತ್ಯೇಕ ಶೌಚಾಲಯಗಳನ್ನು ಒದಗಿಸುವಂತೆ ಸರ್ಕಾರಗಳಿಗೆ ಹೇಳಿದ್ದು, 2017ರಲ್ಲಿ ಗ್ರಾಮೀಣ ಸ್ವಚ್ಛ ಭಾರತ ಅಭಿಯಾನದ ಮಾರ್ಗಸೂಚಿಯು ಗಂಡಸರದಾಗಲಿ ಹೆಂಗಸರದಾಗಲಿ ನಮಗೆ ಒಗ್ಗುವ ಶೌಚಾಲಯವನ್ನು ಬಳಸಲು ಬಿಡಬೇಕೆಂದದ್ದು, 2020ರ ಜನವರಿ 10ರಿಂದ ಜಾರಿಗೆ ಬಂದ, ನಮ್ಮ ಹಕ್ಕುಗಳನ್ನು ಕಾಯುವ 2019ರ ಕಾಯ್ದೆಯು ಸಾರ್ವಜನಿಕರಿಗೆಂದು ಇರುವ ಸೌಲಭ್ಯವನ್ನು ನಮಗೆ ನಿರಾಕರಿಸಕೂಡದೆಂದದ್ದು, ಇವೆಲ್ಲವನ್ನೂ ನಾನು ಓದಿ ಬಲ್ಲೆ. ಜಿಲ್ಲಾಧಿಕಾರಿಗಳ ಕಚೇರಿಯಿಂದ ಬಂದ ಗುರುತಿನ ಚೀಟಿಯೂ ಪರ್ಸಿನಲ್ಲಿತ್ತು. ಇದರಲ್ಲಿ ಒಂದನ್ನಾದರೂ ಆಡಬೇಕೆಂದರೆ ನಾನು ದನಿ ತೆಗೆಯಬೇಕಿತ್ತು. ದನಿ ತೆಗೆದರೆ ಆ ಸಾಲಿನಲ್ಲಿ ನಾನೂ ಅವರ ಪಕ್ಕಕ್ಕೆ ಹೋಗಿ ನಿಲ್ಲುತ್ತಿದ್ದೆ.

ತೀರ್ಪು ಹೇಳಿದ ಪ್ರತ್ಯೇಕ ಶೌಚಾಲಯದ ಬಗ್ಗೆ ನಾನು ಬಹಳ ದಿನ ತಕರಾರಿನಿಂದಲೇ ಮಾತಾಡಿದ್ದೇನೆ. ಮೂರನೆಯ ಬಾಗಿಲು ಮಾಡಿ ಅದರ ಮೇಲೆ ಫಲಕ ಬರೆದರೆ, ಆ ಬಾಗಿಲಿಗೆ ಕೈ ಹಾಕುವುದೆಂದರೆ ನಿಲ್ದಾಣದ ಅಷ್ಟೂ ಜನರೆದುರು ಡಂಗುರ ಸಾರಿದಂತೆ ಎಂದು ಗೆಳತಿಯರೊಂದಿಗೆ ವಾದಿಸಿದ್ದೇನೆ. ಬಾಡಿಗೆಯ ಮನೆ, ಮಿಲ್ಲಿನ ಕೆಲಸ, ಓಣಿಯ ಹೆಂಗಸರು ಹಪ್ಪಳ ಒಣಹಾಕಲು ಕರೆಯುವ ಸಲಿಗೆ, ಇವೆಲ್ಲ ಯಾರೂ ನನ್ನ ಬೆನ್ನ ಹಿಂದೆ ಪಿಸುಗುಟ್ಟದಿರುವ ತನಕ ಮಾತ್ರ ಎಂಬುದು ನನಗೆ ಗೊತ್ತಿರುವುದರಿಂದ ಹಾಗೆ ವಾದಿಸಿದ್ದೇನೆ. ಭಾನುವಾರದ ನಂತರ ಆ ವಾದ ನನ್ನ ಬಾಯಲ್ಲಿ ನಿಲ್ಲುತ್ತಿಲ್ಲ. ಬೆರೆತು ಹೋಗುವ ಅವಕಾಶವೇ ಇಲ್ಲದ, ಬೆರೆಯಬೇಕೆಂದು ಬಯಸಿಯೂ ಇರದ ಆ ಹಿರಿಯರಿಗೆ ಫಲಕವಿರುವ ಬಾಗಿಲಾದರೂ ಲಾರಿಗಳ ಹಿಂದಿನ ಬಯಲಿಗಿಂತ ಮೇಲಾಗಿತ್ತು. ನನಗೆ ಬೇಡವೆನಿಸಿದ್ದನ್ನು ಅವರಿಗೂ ಬೇಡವೆಂದು ಹೇಳಲು ನಾನ್ಯಾರು?

ನಮ್ಮ ಮಿಲ್ಲಿನ ಕಚೇರಿಯಲ್ಲಿ ಒಂದೇ ಬಚ್ಚಲಿದೆ. ಸಾಹುಕಾರರು, ಹಮಾಲರು, ಕಸ ಗುಡಿಸುವ ಅಜ್ಜಿ, ನಾನು, ಎಲ್ಲರಿಗೂ ಅದೇ. ಬಾಗಿಲಿಗೆ ಒಳಗಿನಿಂದ ಗಟ್ಟಿ ಕಬ್ಬಿಣದ ಚಿಲಕ, ಒಂದು ನಲ್ಲಿ, ಒಂದು ಬಕೀಟು. ನಾಲ್ಕು ವರ್ಷದಲ್ಲಿ ಅಲ್ಲಿ ಯಾರಿಗೂ ಯಾರ ಬಗ್ಗೆಯೂ ಪ್ರಶ್ನೆ ಹುಟ್ಟಿಲ್ಲ. ಪ್ರತಿಯೊಂದು ನಿಲ್ದಾಣದಲ್ಲಿ ಇಂಥ ಎರಡೇ ಒಂಟಿ ಕೋಣೆಗಳು, ಫಲಕವಿಲ್ಲದೆ, ಚಿಲಕ ಮತ್ತು ನೀರಿನೊಂದಿಗೆ ಇದ್ದರೆ, ವಯಸ್ಸಾದ ತಾಯಿಯನ್ನು ಕರೆದುಕೊಂಡು ಬಂದ ಮಗನಿಗೂ, ಅಂಗವಿಕಲ ಹೆಂಡತಿಯ ಕೈ ಹಿಡಿದ ಗಂಡನಿಗೂ ಅವೇ ಸಾಕಾಗುತ್ತಿದ್ದವು.

ಇದೆಲ್ಲ ಯೋಚನೆ ಆಮೇಲಿನದು. ಐದು ದಿನದಿಂದ ಕಾಡುತ್ತಿರುವುದು ಬೇರೆ. ಇಪ್ಪತ್ತರ ಹರೆಯದಲ್ಲಿ ಎರಡು ವರ್ಷ ನಾನೂ ಹಿಜಡಾ ಸಮುದಾಯದ ಒಬ್ಬ ಗುರುವಿನ ಮನೆಯಲ್ಲಿದ್ದವಳು. ಹಿರಿಯರು ಎದುರಾದರೆ ಕಿರಿಯಳು ಮೊದಲು ಬಾಗಿ ‘ಪಾವ್ ಪಡ್ತಿ’, ಅಂದರೆ ಕಾಲಿಗೆ ಬೀಳುತ್ತೇನೆ, ಎನ್ನಬೇಕು. ಅದು ಸಂತೆಯಾಗಲಿ, ರೈಲಾಗಲಿ, ಸಾವಿನ ಮನೆಯಾಗಲಿ, ತಪ್ಪಿಸುವಂತಿಲ್ಲ, ತಪ್ಪಿಸಿದರೆ ಅದಕ್ಕಿಂತ ದೊಡ್ಡ ಅಗೌರವವಿಲ್ಲ. ಭಾನುವಾರ ಬಾಗಬೇಕಾದವಳು ನಾನು. ಬಾಗಿದ್ದರೆ ನನ್ನ ಗುರುತು ಅಲ್ಲೇ ಬಯಲಾಗುತ್ತಿತ್ತು. ಅದನ್ನು ನನಗಿಂತ ಮೊದಲು ಅವರೇ ಅರಿತರು, ನಾನು ಸಲ್ಲಿಸಬೇಕಿದ್ದ ಮರ್ಯಾದೆಯನ್ನು ತಿರುಗಿಸಿ ನನಗೇ ಕೊಟ್ಟು, ‘ನೀವು’ ಎಂದು, ‘ಅಕ್ಕಾರ’ ಎಂದು ಕರೆದು ಹೋದರು. ಮೂತ್ರ ತಡೆದುಕೊಂಡು ನಿಂತ ಹೊತ್ತಿನಲ್ಲಿ, ನಾಲ್ಕು ಜನರೆದುರು ಅವಮಾನವಾದ ಮರುಗಳಿಗೆಯಲ್ಲಿ, ಮುಖ ಪರಿಚಯವೂ ಇಲ್ಲದ ಒಬ್ಬಳ ಗುಟ್ಟನ್ನು ಕಾಯಬೇಕೆಂಬ ಯೋಚನೆ ಅವರಿಗೆ ಬಂತು. ನನಗೆ ಅವರ ಪರವಾಗಿ ನಾಲ್ಕು ಶಬ್ದ ಆಡಬೇಕೆಂಬುದು ಹೊಳೆದದ್ದು ಬಸ್ಸು ಕಮಲಾಪುರ ದಾಟಿದ ಮೇಲೆ.

ಆ ನಾಲ್ಕು ಶಬ್ದ ಬಹಳ ಸುಲಭದವು: “ಅವ್ರು ನನ್ನ ಜೊತಿ ಅದಾರ.” ಬಾಗಿಲಲ್ಲಿ ಕೂತವಳು ನನ್ನನ್ನು ಮರ್ಯಾದಸ್ಥ ಹೆಂಗಸೆಂದು ನಂಬಿದ್ದಿದ್ದರೆ ಇಬ್ಬರನ್ನೂ ಬಿಡುತ್ತಿದ್ದಳು, ನಂಬದಿದ್ದರೆ ಇಬ್ಬರನ್ನೂ ಅಟ್ಟುತ್ತಿದ್ದಳು. ಬಯಲಿಗೆ ಹೋಗುವಾಗ ಅವರಿಗೆ ಕಾವಲಿಗೆ ಒಬ್ಬಳಾದರೂ ಇರುತ್ತಿದ್ದಳು, ಲಾರಿಯ ಹತ್ತಿರದ ಹುಡುಗರು ಇಬ್ಬರು ಹೆಂಗಸರ ಮುಂದೆ ಅಷ್ಟು ಸಲೀಸಾಗಿ ನಗುತ್ತಿರಲಿಲ್ಲ.

ಬರುವ ಭಾನುವಾರ ಮತ್ತೆ ಅದೇ ಬಸ್ಸಿಗೆ ಹೋಗುವವಳಿದ್ದೇನೆ. ಬೀದರಿನಲ್ಲಿ ಕೆಲಸವೇನೂ ಇಲ್ಲ. ಮಾಂಗ್ತಿಗೆ ಹೋಗುವವರು ವಾರ ಹಿಡಿದು ಊರು ಸುತ್ತುತ್ತಾರೆ, ಅದೇ ದಿನ ಅದೇ ಹೊತ್ತಿಗೆ ಅವರು ಅಲ್ಲಿ ಸಿಗಬಹುದು. ನಿನ್ನೆ ಮಧ್ಯಾಹ್ನ ಹಮಾಲರು ಊಟಕ್ಕೆ ಕೂತಾಗ ನಾನು ಮಿಲ್ಲಿನ ಬಚ್ಚಲಿಗೆ ಹೋಗಿ, ಚಿಲಕ ಹಾಕಿ, ನಲ್ಲಿಯನ್ನು ಜೋರಾಗಿ ಬಿಟ್ಟು, ಆ ಮಾತನ್ನು ಎರಡು ಸಲ ಬಾಯಿಬಿಟ್ಟು ಹೇಳಿದೆ. ನೀರಿನ ಸಪ್ಪಳದಲ್ಲಿ ನನಗೇ ಸರಿಯಾಗಿ ಕೇಳಿಸಲಿಲ್ಲ. ಮೂರನೆಯ ಸಲ ನಲ್ಲಿ ಬಂದ್ ಮಾಡಿ ಹೇಳಿದೆ.