ಆ ಅಳಿಲು
ಮಗಳ ಜೊತೆ ಇವತ್ತು 2025ರ ‘ಸೂಪರ್‌ಮ್ಯಾನ್’ ನೋಡಿದೆ. ಹೊಡೆದಾಟ ಸ್ವಲ್ಪ ಜಾಸ್ತಿಯೇ ಆಯ್ತು. ಕಟ್ಟಡಗಳು ಬಿದ್ದಿದ್ದೇ ಬಿದ್ದಿದ್ದು.

ಆದರೆ ಆ ಅಳಿಲು!

ಊರ ನಡುವೆ ಬೆಟ್ಟದಂಥ ಮೃಗ. ಜನ ದಿಕ್ಕಾಪಾಲಾಗಿ ಓಡ್ತಿದ್ದಾರೆ. ಕೆಳಗೊಂದು ಪುಟ್ಟ ಅಳಿಲು. ಅಷ್ಟು ಗಲಾಟೆಯಲ್ಲೂ ಅವನಿಗೆ ಅದು ಕಾಣಿಸ್ತು. ರೊಯ್ಯನೆ ಬಂದ, ಎತ್ತಿಕೊಂಡ, ದೂರ ಒಯ್ದು ಬಿಟ್ಟ. ಅಷ್ಟೇ.

ಮಗಳು ನನ್ನ ತೋಳು ಗಟ್ಟಿಯಾಗಿ ಹಿಡಿದು, “ಅಪ್ಪಾ, ಅಳಿಲು ಬದುಕ್ತು!” ಅಂದಳು. ನನ್ನ ಕಣ್ಣೂ ತುಂಬಿತ್ತು.

ಊರು ಉಳಿಸುವವರನ್ನು ಎಷ್ಟೋ ಸಿನಿಮಾದಲ್ಲಿ ನೋಡಿದ್ದೇವೆ, ಅಲ್ವಾ? ಅಳಿಲಿಗೂ ಬಿಡುವು ಮಾಡಿಕೊಂಡ ಇವನು ನನಗೆ ತುಂಬಾ ಇಷ್ಟವಾದ. ನಿರ್ದೇಶಕ ಜೇಮ್ಸ್ ಗನ್ ತಮ್ಮ ಮನೆಯ ನಾಯಿಯನ್ನು ನೋಡಿಯೇ ಸಿನಿಮಾದ ಕ್ರಿಪ್ಟೊ ನಾಯಿಯನ್ನು ರೂಪಿಸಿದ್ದಂತೆ. ಅದೂ ಚೆಂದ.

ಮನೆಗೆ ಬಂದಾಗಿನಿಂದ ಮಗಳು ಕೆಂಪು ಟವೆಲ್ ಕಟ್ಟಿಕೊಂಡು ಹಿತ್ತಿಲಲ್ಲಿ ಅಳಿಲು ಹುಡುಕ್ತಿದ್ದಾಳೆ.